ಕಡಲೆಯ ಸೊರಗು ರೋಗ: ನೂರು ವರ್ಷಗಳ ಹುಡುಕಾಟ

ಹಿಂಗಾರಿನಲ್ಲಿ ಗದಗ, ವಿಜಯಪುರ ಅಥವಾ ಕಲಬುರಗಿಯ ಕಡೆ ಹೋದರೆ ಎರೆಹೊಲಗಳಲ್ಲಿ ಕಡಲೆ ಬೆಳೆದು ನಿಂತಿರುವುದನ್ನು ನೀವು ನೋಡಿರುತ್ತೀರಿ. ಆ ಹಸಿರಿನ ನಡುವೆ ಅಲ್ಲಲ್ಲಿ ಒಂದೊಂದು ಗಿಡ, ಕೆಲವೆಡೆ ಒಂದು ಕೋಣೆಯಷ್ಟು ಜಾಗದ ಗಿಡಗಳೆಲ್ಲವೂ, ತಲೆ ಬಾಗಿಸಿ ಜೋತುಬಿದ್ದಿರುತ್ತವೆ. ಅಂಥ ಗಿಡದ ಬುಡವನ್ನು ಸ್ವಲ್ಪ ಆಳಕ್ಕೆ ಕೆದಕಿ, ಮಣ್ಣನ್ನು ಹಿಡಿಯಲ್ಲಿ ಒತ್ತಿ ನೋಡಿ. ಮಣ್ಣು ಉಂಡೆ ಕಟ್ಟುತ್ತದೆ, ಅಂದರೆ ಅದರಲ್ಲಿ ತೇವವಿದೆ. ಪಕ್ಕದ ಗಿಡ ಅದೇ ತೇವವನ್ನು ಹೀರಿ ಹಸಿರಾಗಿದೆ. ಈ ಗಿಡ ಮಾತ್ರ ಬಾಯಾರಿ ಸಾಯುತ್ತಿದೆ. ಏಕೆ?

ಈ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಳ್ಳಲು, ಆ ಉತ್ತರದಿಂದ ರೈತನಿಗೆ ಉಪಯೋಗವಾಗುವಂಥದ್ದನ್ನು ಮಾಡಲು, ವಿಜ್ಞಾನಿಗಳಿಗೆ ಸುಮಾರು ನೂರು ವರ್ಷ ಬೇಕಾಯಿತು. ಭೌತವಿಜ್ಞಾನದ ಅಧ್ಯಾಪಕನಾದ ನನಗೆ ಈ ವಿಷಯ ಮೊದಲು ಕುತೂಹಲ ಹುಟ್ಟಿಸಿದ್ದು ಕೊಳವೆಯಲ್ಲಿ ದ್ರವ ಹರಿಯುವ ಒಂದು ಸರಳ ಲೆಕ್ಕವಾಗಿ. ಇತಿಹಾಸವನ್ನು ಓದುತ್ತ ಹೋದಂತೆ, ಇದು ಒಂದು ಮಾಪನೋಪಕರಣವನ್ನು ಕಟ್ಟಿದ ಕಥೆಯೂ ಹೌದು ಎನಿಸಿತು. ಆ ಉಪಕರಣ ಗಾಜಿನದಲ್ಲ, ಲೋಹದ್ದಲ್ಲ. ಅದು ರೋಗ ತುಂಬಿದ ಒಂದು ಹೊಲ.

ಕಟ್ಟಿಕೊಂಡ ಕೊಳವೆಗಳು

ಬೇರು ಹೀರಿದ ನೀರು ಎಲೆಯನ್ನು ತಲುಪುವುದು ಕ್ಸೈಲಮ್ ಎಂಬ ಅಂಗಾಂಶದ ಸೂಕ್ಷ್ಮ ನಾಳಗಳ ಮೂಲಕ. ಎಲೆಗಳಿಂದ ನೀರು ಆವಿಯಾಗುತ್ತಿದ್ದಂತೆ ನಾಳದಲ್ಲಿರುವ ನೀರಿನ ಎಳೆ ಮೇಲಕ್ಕೆ ಎಳೆಯಲ್ಪಡುತ್ತದೆ. ನೀರಿನ ಅಣುಗಳು ಪರಸ್ಪರ ಹಿಡಿದುಕೊಂಡಿರುವುದರಿಂದ ಆ ಎಳೆ ತುಂಡಾಗುವುದಿಲ್ಲ. 1894ರಲ್ಲಿ ಐರ್ಲೆಂಡಿನ ಡಿಕ್ಸನ್ ಮತ್ತು ಜೋಲಿ ಈ ವಿವರಣೆಯನ್ನು ಮುಂದಿಟ್ಟರು.

ಈಗ ಆ ನಾಳದೊಳಗೆ ಏನಾದರೂ ಸೇರಿಕೊಂಡು ಅದು ಕಿರಿದಾಯಿತು ಎಂದುಕೊಳ್ಳಿ. ಸಣ್ಣ ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ ಎಂಬ ಪ್ವಾಸೆಯ್ ನಿಯಮವನ್ನು ನೀವು ಪದವಿಪೂರ್ವ ತರಗತಿಯಲ್ಲಿ ಓದಿದ್ದೀರಿ. ಒತ್ತಡದ ವ್ಯತ್ಯಾಸ ಅಷ್ಟೇ ಇದ್ದು ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ. ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಡಲೆ ಗಿಡದಲ್ಲಿ ಆಗುವುದೂ ಇದೇ. ಫ್ಯುಸೇರಿಯಂ ಆಕ್ಸಿಸ್ಪೋರಮ್ ಎಂಬ ಶಿಲೀಂಧ್ರ ಎಳೆಬೇರಿನ ಮೂಲಕ ಒಳಹೊಕ್ಕು ಕ್ಸೈಲಮ್ ನಾಳಗಳಲ್ಲಿ ಬೆಳೆಯುತ್ತದೆ. ಅದನ್ನು ತಡೆಯಲೆಂದು ಗಿಡವೂ ಅಂಟು ವಸ್ತುಗಳಿಂದ ನಾಳಗಳನ್ನು ಮುಚ್ಚಿಕೊಳ್ಳುತ್ತದೆ. ಶತ್ರುವಿನ ಎಳೆಗಳು, ಗಿಡದ ರಕ್ಷಣೆ ಎರಡೂ ಸೇರಿ ನೀರಿನ ದಾರಿ ಮುಚ್ಚುತ್ತದೆ. ಕಾಲಬುಡದಲ್ಲಿ ನೀರಿದ್ದೂ ಗಿಡ ಬಾಡುವುದಕ್ಕೆ ಇದೇ ಕಾರಣ. ನಮ್ಮ ರೈತರು ಇದನ್ನು ಸೊರಗು ರೋಗ, ಸಿಡಿ ರೋಗ ಎಂದು ಕರೆಯುತ್ತಾರೆ.

‘ದಣಿದ’ ಮಣ್ಣು

ಈ ಬಗೆಯ ರೋಗದ ಮೊದಲ ಪಾಠಗಳು ಕಡಲೆಯಿಂದ ಬಂದದ್ದಲ್ಲ; ಅಮೆರಿಕದ ಅಗಸೆ ಮತ್ತು ಹತ್ತಿ ಹೊಲಗಳಿಂದ ಬಂದವು. 19ನೆಯ ಶತಮಾನದ ಕೊನೆಗೆ ಅಲ್ಲಿನ ಅಗಸೆ ಬೆಳೆಗಾರರು ಒಂದು ವಿಚಿತ್ರ ತೊಂದರೆಗೆ ಸಿಕ್ಕಿದ್ದರು. ಹೊಸ ಭೂಮಿಯಲ್ಲಿ ಕೆಲವು ವರ್ಷ ಅಗಸೆ ಚೆನ್ನಾಗಿ ಬರುತ್ತಿತ್ತು, ಅನಂತರ ಸಸಿಗಳು ಬಾಡಿ ಸಾಯುತ್ತಿದ್ದವು. ಮಣ್ಣು ದಣಿಯಿತು, ಅದರ ಸಾರ ಮುಗಿಯಿತು ಎಂದು ಭಾವಿಸಿ ಅವರು ಪಶ್ಚಿಮದ ಹೊಸ ನೆಲಗಳತ್ತ ಸರಿಯುತ್ತಿದ್ದರು.

ಉತ್ತರ ಡಕೋಟಾದ ಫಾರ್ಗೋದಲ್ಲಿ ಹೆನ್ರಿ ಬಾಲಿ ಎಂಬ ಸಸ್ಯವಿಜ್ಞಾನಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಯೋಚಿಸಿದರು. ಕಾಲೇಜಿನ 30ನೆಯ ಸಂಖ್ಯೆಯ ತಾಕಿನಲ್ಲಿ ವರ್ಷದ ಮೇಲೆ ವರ್ಷ ಬಿಡದೆ ಅಗಸೆಯನ್ನೇ ಬಿತ್ತಿದರು. ಮಣ್ಣು ಪೂರ್ತಿ ‘ಕೆಟ್ಟ’ ಮೇಲೆ ಅದರಲ್ಲಿರುವುದು ಸಾರದ ಕೊರತೆಯಲ್ಲ, ಒಂದು ಫ್ಯುಸೇರಿಯಂ ಶಿಲೀಂಧ್ರ ಎಂದು 1901ರಲ್ಲಿ ತೋರಿಸಿದರು. ಎಲ್ಲ ಗಿಡಗಳೂ ಸಾಯುವ ಆ ತಾಕಿನಲ್ಲಿ ಬದುಕಿ ಉಳಿದ ಬೆರಳೆಣಿಕೆಯ ಗಿಡಗಳ ಬೀಜವನ್ನು ಕಾಪಾಡಿ ಮತ್ತೆ ಅಲ್ಲೇ ಬಿತ್ತಿದರು. ರೋಗವನ್ನು ತಡೆದುಕೊಳ್ಳುವ ಅಗಸೆ ತಳಿಗಳು ಹೀಗೆ ಹುಟ್ಟಿದವು.

ಅದೇ ಕಾಲದಲ್ಲಿ ಎರ್ವಿನ್ ಸ್ಮಿತ್ ಹತ್ತಿ, ಕಲ್ಲಂಗಡಿ ಮತ್ತು ಅಲಸಂದೆಯ ಸೊರಗು ರೋಗಗಳ ಬಗ್ಗೆ 1899ರಲ್ಲಿ ವಿಸ್ತಾರವಾಗಿ ಬರೆದರು. ಅದೇ ವರ್ಷ ವಿಲಿಯಂ ಆರ್ಟನ್ ದಕ್ಷಿಣ ಕೆರೊಲಿನಾದ ಹತ್ತಿ ಹೊಲಗಳಲ್ಲಿ ಉಳಿದ ಗಿಡಗಳನ್ನು ಆಯತೊಡಗಿದರು. ಯಾವ ಔಷಧವೂ ಮಾಡದ ಕೆಲಸವನ್ನು ಆ ಆಯ್ದ ಬೀಜ ಮಾಡಿತು. ಮಣ್ಣಿನ ಶಿಲೀಂಧ್ರವನ್ನು ಕೊಲ್ಲುವುದು ಕಷ್ಟ, ಆದರೆ ಅದರ ನಡುವೆಯೇ ಬದುಕಬಲ್ಲ ಗಿಡವನ್ನು ಹುಡುಕಬಹುದು ಎಂಬ ತಿಳಿವಳಿಕೆಗೆ ಇಲ್ಲಿಂದ ಬುನಾದಿ ಬಿತ್ತು.

ಪೂಸಾದಲ್ಲಿ ಆರಂಭ

ನಮ್ಮ ದೇಶದಲ್ಲಿ ಈ ಅಧ್ಯಯನ ಬಿಹಾರದ ಪೂಸಾದಲ್ಲಿ ಆರಂಭವಾಯಿತು. ವೈದ್ಯಕೀಯ ಓದಿ ಶಿಲೀಂಧ್ರಗಳ ಕಡೆ ತಿರುಗಿದ ಐರ್ಲೆಂಡಿನ ಎಡ್ವಿನ್ ಜಾನ್ ಬಟ್ಲರ್ 1901ರಲ್ಲಿ ಭಾರತಕ್ಕೆ ಬಂದರು. ತೊಗರಿಯ ಸೊರಗು ರೋಗಕ್ಕೆ ಮಣ್ಣಿನಲ್ಲಿರುವ ಫ್ಯುಸೇರಿಯಂ ಕಾರಣವೆಂದು 1910ರಲ್ಲಿ ಪ್ರಕಟಿಸಿದರು. ಭಾರತದ ಸಸ್ಯರೋಗ ವಿಜ್ಞಾನಕ್ಕೆ ಅಡಿಪಾಯವೆನಿಸಿದ ಅವರ ಗ್ರಂಥ 1918ರಲ್ಲಿ ಹೊರಬಂತು. ಕಡಲೆಯ ಸೊರಗು ರೋಗದ ಮೊದಲ ಉಲ್ಲೇಖವನ್ನೂ ಅಲ್ಲಿಂದಲೇ ಎಣಿಸುವುದು ರೂಢಿ.

ತೊಗರಿಯ ವಿಷಯದಲ್ಲಿ ದಾರಿ ಬೇಗ ಸ್ಪಷ್ಟವಾಯಿತು. 1930ರ ದಶಕದಲ್ಲೇ ಪೂಸಾದ ವಿಜ್ಞಾನಿಗಳು ರೋಗವನ್ನು ತಡೆಯುವ ತೊಗರಿಗಳನ್ನು ಬೇರ್ಪಡಿಸಿದರು. ಕಡಲೆಯ ವಿಷಯದಲ್ಲಿ ಮಾತ್ರ ಗೊಂದಲ ಮುಂದುವರಿಯಿತು. 1923ರಲ್ಲಿ ಬರ್ಮಾದಿಂದ ಬಂದ ವರದಿ ರೋಗ ಮಣ್ಣಿನಿಂದ ಬರುತ್ತದೆ ಎಂದಿತು. 1935ರಲ್ಲಿ ಮಧ್ಯ ಪ್ರಾಂತದಲ್ಲಿ ದಸ್ತೂರ್ ಅವರು ಬಾಡಿದ ಗಿಡಗಳಲ್ಲಿ ಬೇರೊಂದು ಶಿಲೀಂಧ್ರವಾದ ರೈಜೋಕ್ಟೋನಿಯವನ್ನು ಕಂಡರು. 1939-40ರಲ್ಲಿ ಪ್ರಸಾದ್ ಮತ್ತು ಪ್ಯಾಡ್‌ವಿಕ್ ಫ್ಯುಸೇರಿಯಂ ಕಾರಣವೆಂದು ತೋರಿಸಿದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹೊಲ ಒಪ್ಪುತ್ತಿರಲಿಲ್ಲ. ಬಿಸಿಲು ಹೆಚ್ಚಾಗಿ, ತೇವ ಕಡಿಮೆಯಾಗಿ ಗಿಡ ಬಾಡುತ್ತದೆ ಎಂದವರೂ ಇದ್ದರು. ಕೊನೆಗೆ ಎಲ್ಲವನ್ನೂ ಸೇರಿಸಿ ‘ಸೊರಗು ಸಂಕೀರ್ಣ’ ಎಂಬ ಹೆಸರು ರೂಢಿಗೆ ಬಂತು. ವಿಜ್ಞಾನದಲ್ಲಿ ‘ಸಂಕೀರ್ಣ’ ಎಂಬ ಪದ ಕೆಲವೊಮ್ಮೆ ನಮ್ಮ ಅರಿವಿನ ಕೊರತೆಗೆ ಹಾಕಿದ ಹೊದಿಕೆಯಾಗಿರುತ್ತದೆ.

ಒಂದು ಹೆಸರು, ಹಲವು ರೋಗಗಳು

ಆ ಹೊದಿಕೆಯನ್ನು ತೆಗೆದದ್ದು ಹೈದರಾಬಾದಿನ ಬಳಿ ಪಟಂಚೆರುವಿನಲ್ಲಿ. ಅರೆಶುಷ್ಕ ಪ್ರದೇಶದ ಬೆಳೆಗಳಿಗಾಗಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ವೈ. ಎಲ್. ನೆನೆ ಮತ್ತು ಎಂ. ಪಿ. ಹವಾರೆ ಈ ಕೆಲಸ ಕೈಗೆತ್ತಿಕೊಂಡರು. ನೆನೆ ಅವರಿಗೆ ಇಂಥದ್ದೊಂದು ಅನುಭವ ಮೊದಲೇ ಇತ್ತು. ಪಂತನಗರದಲ್ಲಿದ್ದಾಗ 1960ರ ದಶಕದಲ್ಲಿ, ತರಾಯಿ ಪ್ರದೇಶದ ಭತ್ತವನ್ನು ಕಾಡುತ್ತಿದ್ದ ‘ಖೈರಾ’ ರೋಗಕ್ಕೆ ಯಾವ ರೋಗಾಣುವೂ ಕಾರಣವಲ್ಲ, ಮಣ್ಣಿನಲ್ಲಿ ಸತುವಿನ ಕೊರತೆ ಕಾರಣ ಎಂದು ಅವರು ತೋರಿಸಿದ್ದರು. ಹೆಸರಿಗಿಂತ ಕಾರಣ ಮುಖ್ಯ ಎಂಬುದು ಅವರಿಗೆ ಗೊತ್ತಿತ್ತು.

ಬಾಡಿದ ಕಡಲೆ ಗಿಡಗಳನ್ನು ಕಿತ್ತು, ಬೇರನ್ನು ಸೀಳಿ, ಶಿಲೀಂಧ್ರವನ್ನು ಬೇರ್ಪಡಿಸಿ, ಅದನ್ನು ಆರೋಗ್ಯವಂತ ಗಿಡಕ್ಕೆ ಸೇರಿಸಿ ಅದೇ ಲಕ್ಷಣ ಬರುತ್ತದೆಯೇ ಎಂದು ನೋಡುವ ಕೆಲಸ ಕ್ರಮವಾಗಿ ನಡೆಯಿತು. ‘ಸೊರಗು’ ಎಂಬ ಒಂದೇ ಹೆಸರಿನೊಳಗೆ ಹಲವು ಬೇರೆಬೇರೆ ರೋಗಗಳು ಅಡಗಿರುವುದು ಕಂಡುಬಂತು. ಇವುಗಳಲ್ಲಿ ಮೂರನ್ನು ಒಂದು ಬ್ಲೇಡಿನ ಸಹಾಯದಿಂದ ನಿಮ್ಮ ವಿದ್ಯಾರ್ಥಿಗಳೂ ಗುರುತಿಸಬಲ್ಲರು.

ಬೇರು ಹೊರಗಿನಿಂದ ಚೆನ್ನಾಗಿದ್ದು, ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಅಥವಾ ಕಪ್ಪು ಗೆರೆ ಕಂಡರೆ ಅದು ಫ್ಯುಸೇರಿಯಂ ಸೊರಗು. ಬೇರು ಕಪ್ಪಾಗಿ ಒಣಗಿ, ಕಡ್ಡಿಯಂತೆ ಪಟಕ್ಕನೆ ಮುರಿದು, ಪಕ್ಕದ ಬೇರುಗಳೆಲ್ಲ ಉದುರಿಹೋಗಿದ್ದರೆ ಅದು ಒಣ ಬೇರು ಕೊಳೆ. ದಸ್ತೂರ್ ಕಂಡಿದ್ದ ರೈಜೋಕ್ಟೋನಿಯ ಈ ರೋಗಕ್ಕೆ ಕಾರಣ. ಕಾಂಡ ಮಣ್ಣಿಗೆ ತಾಗುವಲ್ಲಿ ಕೊಳೆತು, ಬಿಳಿ ನೂಲಿನಂಥ ಬೆಳವಣಿಗೆಯೂ ಸಾಸಿವೆ ಕಾಳಿನಂಥ ಗುಂಡುಗಳೂ ಕಂಡರೆ ಅದು ಸ್ಕ್ಲೆರೋಶಿಯಂನಿಂದ ಬರುವ ಬುಡ ಕೊಳೆ. ಮೊದಲಿನ ವಿಜ್ಞಾನಿಗಳು ಯಾರೂ ಸುಳ್ಳು ಹೇಳಿರಲಿಲ್ಲ. ಬೇರೆಬೇರೆ ರೋಗಗಳನ್ನು ನೋಡಿ ಒಂದೇ ಹೆಸರಿನಿಂದ ಕರೆದಿದ್ದರು, ಅಷ್ಟೆ.

ಇದು ಪಂಡಿತರ ಚರ್ಚೆ ಮಾತ್ರವಲ್ಲ. ನೆನೆ ಮತ್ತು ಹವಾರೆ ಅವರ ತಂಡದ ಅಳತೆಯಂತೆ, ಗಿಡ ಬೇಗ ಸೊರಗಿದರೆ ಆ ಗಿಡದ ಇಳುವರಿಯಲ್ಲಿ ಶೇ. 77ರಿಂದ 94ರಷ್ಟು, ತಡವಾಗಿ ಸೊರಗಿದರೆ ಶೇ. 24ರಿಂದ 65ರಷ್ಟು ನಷ್ಟ. ಮಳೆಗಾಲ ಉಳಿಸಿಹೋದ ತೇವವೊಂದನ್ನೇ ನಂಬಿ ಬಿತ್ತಿದ ರೈತನಿಗೆ ಆ ವರ್ಷ ಎರಡನೆಯ ಅವಕಾಶವಿರುವುದಿಲ್ಲ.

ರೋಗವನ್ನು ಸಾಕಿದ ಹೊಲ

ಕಾರಣ ತಿಳಿದ ಮೇಲೆ ಮುಂದಿನ ಪ್ರಶ್ನೆ: ಯಾವ ಕಡಲೆ ಈ ರೋಗವನ್ನು ತಡೆಯುತ್ತದೆ? ಸಾಧಾರಣ ಹೊಲದಲ್ಲಿ ಇದನ್ನು ಪರೀಕ್ಷಿಸಲಾಗದು. ರೋಗ ಅಲ್ಲಲ್ಲಿ ಮಾತ್ರ ಇರುವ ಹೊಲದಲ್ಲಿ ಒಂದು ಗಿಡ ಉಳಿದರೆ, ಅದು ತನ್ನ ಗುಣದಿಂದ ಉಳಿಯಿತೋ ಶಿಲೀಂಧ್ರ ಸಿಗದೆ ಉಳಿಯಿತೋ ಹೇಳುವುದು ಹೇಗೆ? ಪ್ರಯೋಗಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಉಪಕರಣವೇ ಎಲ್ಲ ಕಡೆ ಒಂದೇ ಸಮನಾಗಿ ಅಳೆಯುತ್ತಿಲ್ಲ.

ಇದಕ್ಕೆ ಪಟಂಚೆರುವಿನಲ್ಲಿ ಹಿಡಿದ ದಾರಿ ಫಾರ್ಗೋದ 30ನೆಯ ತಾಕಿನದ್ದೇ. ಒಂದು ತಾಕನ್ನು ಪ್ರತ್ಯೇಕಿಸಿ, ರೋಗಕ್ಕೆ ಸುಲಭವಾಗಿ ತುತ್ತಾಗುವ ಜೆಜಿ-62 ಎಂಬ ತಳಿಯನ್ನು ಪದೇ ಪದೇ ಬಿತ್ತಿದರು. ಸೊರಗಿ ಸತ್ತ ಗಿಡಗಳನ್ನು ಅಲ್ಲಿನ ಮಣ್ಣಿಗೇ ಸೇರಿಸಿದರು. ಜೆಜಿ-62 ಎಲ್ಲಿ ಬಿತ್ತಿದರೂ ಸಾಯುವಷ್ಟು ಮಣ್ಣು ರೋಗದಿಂದ ತುಂಬಿತು. ಅನಂತರ ಸಾವಿರಾರು ಕಡಲೆ ಮಾದರಿಗಳನ್ನು ಅಲ್ಲಿ ಸಾಲುಸಾಲಾಗಿ ಬಿತ್ತಿ, ನಡುನಡುವೆ ಜೆಜಿ-62ರ ಸಾಲನ್ನು ಇಟ್ಟರು. ಈ ಸೂಚಕ ಸಾಲು ತಿಂಗಳೊಳಗೆ ಸತ್ತರೆ ಅಲ್ಲಿನ ಮಣ್ಣಿನಲ್ಲಿ ರೋಗವಿದೆ ಎಂದರ್ಥ; ಪಕ್ಕದ ಸಾಲು ಉಳಿದರೆ ಅದು ನಿಜವಾಗಿ ಗಟ್ಟಿ ತಳಿ. ಪ್ರಯೋಗ ಮಾಡುವಾಗ ನೀವು ಇಡುವ ನಿಯಂತ್ರಣ ಮಾದರಿಯ ಕೆಲಸವನ್ನೇ ಈ ಸಾಯುವ ಸಾಲು ಮಾಡಿತು. ಬೇರೆಯವರು ಬಿಟ್ಟುಹೋಗುವಂಥ ಹೊಲವನ್ನು ಇವರು ಬೇಕೆಂದೇ ಕಟ್ಟಿ ಕಾಪಾಡಿದರು.

ಮಣ್ಣಿನ ನೆನಪು

ಶಿಲೀಂಧ್ರವನ್ನೇ ನಾಶ ಮಾಡಿದರಾಗದೇ ಎಂದು ನೀವು ಕೇಳಬಹುದು. ಆ ಪ್ರಯತ್ನಗಳೂ ನಡೆದಿವೆ. ಬೆಳೆ ಬದಲಿಸಿದರೆ ಶಿಲೀಂಧ್ರ ಆಹಾರವಿಲ್ಲದೆ ಸಾಯಬೇಕು. ಆದರೆ ದಪ್ಪ ಗೋಡೆಯ ಬೀಜಕಗಳ ರೂಪದಲ್ಲಿ ಅದು ಕಡಲೆಯಿಲ್ಲದ ಮಣ್ಣಿನಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದನ್ನು ಹವಾರೆ, ನೆನೆ ಮತ್ತು ಸಂಗಡಿಗರು 1996ರಲ್ಲಿ ವರದಿ ಮಾಡಿದರು. ಇನ್ನೂ ಒಂದು ತೊಡಕಿದೆ. ತೊಗರಿ, ಬಟಾಣಿ, ಮಸೂರ ಬೆಳೆಗಳ ಬೇರಿನಲ್ಲಿ ಇದೇ ಶಿಲೀಂಧ್ರ ಯಾವ ಲಕ್ಷಣವನ್ನೂ ತೋರದೆ ಇರಬಲ್ಲದು ಎಂದು 1982ರಲ್ಲೇ ಗೊತ್ತಾಗಿತ್ತು. ಹೀಗಾಗಿ ತೊಗರಿಯ ನಾಡಾದ ಕಲಬುರಗಿಯಲ್ಲಿ ಕಡಲೆಯ ಬದಲು ತೊಗರಿ ಹಾಕಿದರೆ ರೋಗದ ನಂಟು ತಪ್ಪುವುದಿಲ್ಲ. ಜೋಳದಂಥ ಬೆಳೆ ಶಿಲೀಂಧ್ರದ ಹೊರೆಯನ್ನು ಇಳಿಸಲು ನೆರವಾದೀತು, ಪೂರ್ತಿ ಅಳಿಸದು.

ಬೀಜದ ಮೂಲಕವೂ ರೋಗ ಹೊಸ ಹೊಲಕ್ಕೆ ಹೋಗುತ್ತದೆ. 1978ರಲ್ಲಿ ಇದೇ ತಂಡ ಬೆನೊಮಿಲ್ ಮತ್ತು ಥೈರಮ್ ಮಿಶ್ರಣದ ಬೀಜೋಪಚಾರದಿಂದ ಬೀಜದಲ್ಲಿರುವ ಶಿಲೀಂಧ್ರವನ್ನು ನಿವಾರಿಸಬಹುದೆಂದು ತೋರಿಸಿತು. ಬೆನೊಮಿಲ್ ಅನ್ನು ಭಾರತ 2018ರಲ್ಲಿ ನಿಷೇಧಿಸಿತು. ಜೈವಿಕ ದಾರಿಯ ಮೂಲ 1932ರಲ್ಲಿದೆ: ಟ್ರೈಕೋಡರ್ಮಾ ಎಂಬ ಮಣ್ಣಿನ ಶಿಲೀಂಧ್ರ ಇತರ ಶಿಲೀಂಧ್ರಗಳ ಮೇಲೆ ಬದುಕುವುದನ್ನು ರಿಚರ್ಡ್ ವೈಂಡ್ಲಿಂಗ್ ವಿವರಿಸಿದರು. ಒಂದು ಕಿಲೋ ಬಿತ್ತನೆ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಬೇಕೆಂಬ ಇಂದಿನ ಶಿಫಾರಸು ಈ ಸಾಲಿನಲ್ಲಿ ಬಂದದ್ದು. ಇದು ಎಳೆಬೇರಿಗೆ ಮೊದಲ ದಿನಗಳಲ್ಲಿ ಕಾವಲು ಕೊಡುತ್ತದೆ. ಇಡೀ ಹೊಲದ ಮಣ್ಣನ್ನು ಬದಲಿಸುವುದಿಲ್ಲ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೆಚ್ಚು ಹಿಡಿಸುವ ಪ್ರಯತ್ನವೆಂದರೆ ಬಿಸಿಲಿನಿಂದ ಮಣ್ಣನ್ನು ಕಾಯಿಸುವುದು. 1976ರಲ್ಲಿ ಇಸ್ರೇಲಿನ ಯಾಕೋವ್ ಕಟಾನ್ ಮತ್ತು ಸಂಗಡಿಗರು, ಒದ್ದೆ ಮಣ್ಣಿನ ಮೇಲೆ ಬೇಸಿಗೆಯಲ್ಲಿ ತೆಳು ಪಾಲಿಥೀನ್ ಹಾಳೆ ಹೊದಿಸಿ ಶಿಲೀಂಧ್ರಗಳನ್ನು ಕೊಲ್ಲುವ ವಿಧಾನವನ್ನು ಪ್ರಕಟಿಸಿದರು. ಬಿಸಿಲು ಹಾಳೆಯ ಮೂಲಕ ಒಳಬರುತ್ತದೆ. ನೀರು ಆವಿಯಾಗಿ ಹೋಗದ ಕಾರಣ ಆವೀಕರಣದ ತಂಪು ತಪ್ಪುತ್ತದೆ, ಗಾಳಿ ಶಾಖವನ್ನು ಒಯ್ಯದು. ಹಾಳೆಯ ಒಳಮೈಗೆ ಅಂಟಿದ ನೀರಹನಿಗಳು ಅವಕೆಂಪು ವಿಕಿರಣವನ್ನು ಹಿಡಿದಿಡುತ್ತವೆ. ಒದ್ದೆ ಮಣ್ಣು ಒಣಮಣ್ಣಿಗಿಂತ ಉತ್ತಮ ಶಾಖವಾಹಕವಾದ್ದರಿಂದ ಬಿಸಿ ಕೆಳಗಿಳಿಯುತ್ತದೆ. ಮೇಲ್ಪದರದಲ್ಲಿ ಉಷ್ಣತೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಇಕ್ರಿಸ್ಯಾಟ್‌ನಲ್ಲಿ ತೊಗರಿ ಮತ್ತು ಕಡಲೆಯ ಮೇಲೆ ಇದರ ಪ್ರಯೋಗ ನಡೆದು 1988ರಲ್ಲಿ ವರದಿ ಪ್ರಕಟವಾಯಿತು. ವಿಧಾನ ಸರಿ, ಆದರೆ ಎಕರೆಗಟ್ಟಲೆ ಎರೆಹೊಲಕ್ಕೆ ಪಾಲಿಥೀನ್ ಹೊದಿಸುವ ಖರ್ಚು ಮಳೆಯಾಶ್ರಿತ ಕಡಲೆಯ ರೈತನ ಕೈಗೆಟುಕದು. ಮತ್ತೆ ಉಳಿದ ದಾರಿ ತಳಿಯದ್ದೇ.

ಹತ್ತು ತಳಿಗಳ ಪರೀಕ್ಷೆ

ಇಲ್ಲಿ ಹೊಸದೊಂದು ಅಡ್ಡಿ ಎದುರಾಯಿತು. ಒಂದೂರಿನಲ್ಲಿ ಗಟ್ಟಿಯಾಗಿ ನಿಂತ ತಳಿ ಇನ್ನೊಂದೂರಿನಲ್ಲಿ ಸೊರಗುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಎರಡೂ ಕಡೆಯ ಶಿಲೀಂಧ್ರ ಒಂದೇ ರೀತಿ ಕಾಣುತ್ತಿತ್ತು. ಹವಾರೆ ಮತ್ತು ನೆನೆ ಹೈದರಾಬಾದ್, ಕಾನ್ಪುರ, ಗುರುದಾಸಪುರ ಮತ್ತು ಹಿಸಾರ್‌ಗಳ ಶಿಲೀಂಧ್ರ ಮಾದರಿಗಳನ್ನು ಹತ್ತು ಆಯ್ದ ಕಡಲೆ ತಳಿಗಳ ಮೇಲೆ ಪ್ರಯೋಗಿಸಿದರು. ಯಾವ ತಳಿ ಸತ್ತಿತು, ಯಾವುದು ಉಳಿಯಿತು ಎಂಬ ಪಟ್ಟಿ ನಾಲ್ಕು ಊರುಗಳಿಗೂ ಬೇರೆಬೇರೆಯಾಗಿ ಬಂತು. 1982ರಲ್ಲಿ ಇವನ್ನು ರೇಸ್ 1, 2, 3 ಮತ್ತು 4 ಎಂದು ಹೆಸರಿಸಿದರು. ಮುಂದೆ ಸ್ಪೇನ್ ಮತ್ತು ಕ್ಯಾಲಿಫೋರ್ನಿಯಾದ ಅಧ್ಯಯನಗಳು ಇನ್ನಷ್ಟು ರೇಸ್‌ಗಳನ್ನು ಸೇರಿಸಿದವು. ಸೂಕ್ಷ್ಮದರ್ಶಕ ಹೇಳಲಾಗದ್ದನ್ನು ಹತ್ತು ಸಾಲು ಕಡಲೆ ಹೇಳಿತು.

ಆ ಹತ್ತು ತಳಿಗಳಲ್ಲಿ ಒಂದರ ಹೆಸರು ಅಣ್ಣಿಗೇರಿ. ಹೌದು, ಧಾರವಾಡ ಜಿಲ್ಲೆಯ ನಮ್ಮ ಅಣ್ಣಿಗೇರಿಯ ಹೆಸರು ಹೊತ್ತ ಕಡಲೆಯೇ.

ಅಣ್ಣಿಗೇರಿಗೆ ಹೊಸ ಬಲ

ಅಣ್ಣಿಗೇರಿ-1 ನಾಲ್ಕು ದಶಕಗಳ ಕಾಲ ಉತ್ತರ ಕರ್ನಾಟಕದ ರೈತರ ಮೆಚ್ಚಿನ ತಳಿಯಾಗಿತ್ತು. ಆದರೆ ಸೊರಗು ರೋಗಕ್ಕೆ ತುತ್ತಾಗುತ್ತ ಹಿಂದೆ ಬಿತ್ತು. 1999ರಲ್ಲಿ ಬಿಡುಗಡೆಯಾದ, ಸೊರಗು ರೋಗವನ್ನು ತಡೆಯುವ ಜೆಜಿ-11 ದಕ್ಷಿಣದ ಹೊಲಗಳಲ್ಲಿ ಅದರ ಜಾಗವನ್ನು ಬಹುಮಟ್ಟಿಗೆ ಹಿಡಿಯಿತು.

ಹಳೆಯ ತಳಿಯ ಗುಣಗಳನ್ನೆಲ್ಲ ಉಳಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ಮಾತ್ರ ಸೇರಿಸಲು ಸಾಧ್ಯವೇ? ರೋಗದ ತಾಕುಗಳಲ್ಲಿ ಗಟ್ಟಿಯಾಗಿ ನಿಂತಿದ್ದ ಡಬ್ಲ್ಯುಆರ್-315 ಎಂಬ ಕಡಲೆ ಇದಕ್ಕೆ ನೆರವಾಯಿತು. ಎರಡನ್ನೂ ಸಂಕರಿಸಿ, ಬಂದ ಪೀಳಿಗೆಯನ್ನು ಮತ್ತೆ ಮತ್ತೆ ಅಣ್ಣಿಗೇರಿಯೊಂದಿಗೇ ಸಂಕರಿಸಿದರೆ ಅಣ್ಣಿಗೇರಿಯ ಪಾಲು ಸರಾಸರಿ ಶೇ. 50, 75, 87.5, 93.75 ಹೀಗೆ ಏರುತ್ತ ಹೋಗುತ್ತದೆ. ಪ್ರತಿ ಹಂತದಲ್ಲೂ ನಿರೋಧಕ ಜೀನ್ ಉಳಿದಿದೆಯೇ ಎಂದು ನೋಡಬೇಕು. ಹಿಂದೆ ಇದಕ್ಕೆ ಗಿಡವನ್ನು ರೋಗಕ್ಕೊಡ್ಡಿ ಕಾಯಬೇಕಿತ್ತು. ಈಗ ಎಳೆಸಸಿಯ ಎಲೆಯಿಂದ ಡಿಎನ್‌ಎ ತೆಗೆದು, ಆ ಜೀನ್‌ನ ಪಕ್ಕದಲ್ಲಿರುವ ಗುರುತುಗಳನ್ನು ಹುಡುಕಿದರೆ ಸಾಕು. ಕಡಲೆಯ ಜೀನೋಮ್ ನಕ್ಷೆ 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 28,000 ಜೀನ್‌ಗಳನ್ನು ಗುರುತಿಸಲಾಗಿದೆ.

ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಲಬುರಗಿ ಕೇಂದ್ರದ ವಿಜ್ಞಾನಿಗಳು ಇಕ್ರಿಸ್ಯಾಟ್‌ನೊಂದಿಗೆ ಈ ಕೆಲಸ ಮಾಡಿ, ರೇಸ್ 4ನ್ನು ತಡೆಯುವ ಸೂಪರ್ ಅಣ್ಣಿಗೇರಿ-1 ತಳಿಯನ್ನು ರೂಪಿಸಿದರು. 2019ರಲ್ಲಿ ಅದರ ವಿವರ ಪ್ರಕಟವಾಯಿತು. ಹಳೆಯ ಅಣ್ಣಿಗೇರಿಗಿಂತ ಇಳುವರಿ ಸುಮಾರು ಶೇ. 8ರಷ್ಟು ಹೆಚ್ಚು. ಡಿಎನ್‌ಎ ಗುರುತು ಹೇಳಿದ್ದು ನಿಜವೇ ಎಂದು ಕೊನೆಗೆ ತೀರ್ಮಾನಿಸಿದ್ದು ಮತ್ತೆ ರೋಗದ ತಾಕೇ.

ಮುಗಿಯದ ಲೆಕ್ಕ

ಇಲ್ಲಿಗೆ ಗೆದ್ದೆವು ಎಂದು ಹೇಳಿದರೆ ತಪ್ಪಾಗುತ್ತದೆ. ಹಲವು ರೇಸ್‌ಗಳನ್ನು ತಡೆಯುವ ಡಬ್ಲ್ಯುಆರ್-315 ಕೂಡ ರೇಸ್ 3ಕ್ಕೆ ಸೋಲುತ್ತದೆ. ರೇಸ್ 1ರ ವಿಷಯದಲ್ಲಿ ಒಂದೊಂದೇ ಜೀನ್ ಸೊರಗುವುದನ್ನು ತಡಮಾಡುತ್ತದೆ, ಪೂರ್ತಿ ರಕ್ಷಣೆಗೆ ಕನಿಷ್ಠ ಎರಡು ಬೇಕು ಎಂದು ಕಂಡುಬಂದಿದೆ. ಇನ್ನೊಂದೆಡೆ, 30 ಡಿಗ್ರಿ ದಾಟಿದ ಬಿಸಿ ಮತ್ತು ಮಣ್ಣಿನ ತೇವದ ಕೊರತೆ ಸೇರಿದಾಗ ಒಣ ಬೇರು ಕೊಳೆ ಬಲಗೊಳ್ಳುತ್ತದೆ. ಸೊರಗು ರೋಗವನ್ನು ತಡೆಯುವ ತಳಿ ಇದನ್ನೂ ತಡೆಯಬೇಕೆಂದೇನಿಲ್ಲ. ಹಿಂಗಾರು ಬಿಸಿಯಾದಷ್ಟೂ 1935ರಲ್ಲಿ ದಸ್ತೂರ್ ಕಂಡ ಶಿಲೀಂಧ್ರ ನಮ್ಮ ಹೊಲಗಳಲ್ಲಿ ಮುಂದೆ ಬರುತ್ತಿದೆ.

ಆದ್ದರಿಂದ ಈ ಇತಿಹಾಸದಿಂದ ನಾವು ಉಳಿಸಿಕೊಳ್ಳಬೇಕಾದದ್ದು ಒಂದು ತಳಿಯ ಹೆಸರನ್ನಲ್ಲ, ಒಂದು ಕ್ರಮವನ್ನು: ಮೊದಲು ಕಾರಣವನ್ನು ಬೇರ್ಪಡಿಸು, ಅನಂತರ ಅದನ್ನು ನಂಬಿಕೆಯಿಂದ ಅಳೆಯುವ ಸಾಧನ ಕಟ್ಟು, ಆಮೇಲೆ ಪರಿಹಾರ ಹುಡುಕು. ಅಳೆಯುವ ಸಾಧನವಿಲ್ಲದೆ ಪರಿಹಾರಕ್ಕೆ ಓಡಿದ ಕಡೆಯಲ್ಲೆಲ್ಲ ಗೊಂದಲವೇ ಉಳಿಯಿತು.

ಶಿಕ್ಷಕ ಮಿತ್ರರೇ, ನಿಮ್ಮ ಶಾಲೆ ಕಡಲೆ ಬೆಳೆಯುವ ಸೀಮೆಯಲ್ಲಿದ್ದರೆ ಈ ಹಿಂಗಾರಿನಲ್ಲಿ ರೈತರ ಒಪ್ಪಿಗೆ ಪಡೆದು ಮಕ್ಕಳನ್ನು ಒಂದು ಹೊಲಕ್ಕೆ ಕರೆದೊಯ್ಯಿರಿ. ಬಾಡಿದ ಹತ್ತು ಗಿಡಗಳನ್ನು ಬೇರುಸಹಿತ ನಿಧಾನವಾಗಿ ಅಗೆದು ತೆಗೆಯಿರಿ. ಬೇರನ್ನು ನೀವೇ ಸೀಳಿ ತೋರಿಸಿ. ಎಷ್ಟರಲ್ಲಿ ಒಳಗೆರೆ ಇದೆ, ಎಷ್ಟರಲ್ಲಿ ಬೇರು ಮುರಿಯುತ್ತದೆ, ಎಷ್ಟರ ಬುಡದಲ್ಲಿ ಬಿಳಿ ನೂಲಿದೆ ಎಂದು ಮಕ್ಕಳು ಎಣಿಸಿ ಬರೆದುಕೊಳ್ಳಲಿ. ಕೆದಕಿದ ಮಣ್ಣು ಆ ಹೊಲದಲ್ಲೇ ಉಳಿಯಲಿ. ಚಪ್ಪಲಿಗೆ ಅಂಟಿದ ಮಣ್ಣನ್ನೂ ಅಲ್ಲೇ ಒರೆಸಿ ಬನ್ನಿ, ಏಕೆಂದರೆ ಆ ಮಣ್ಣಿನೊಂದಿಗೆ ರೋಗವೂ ಬರುತ್ತದೆ. ಮಕ್ಕಳು ಎಣಿಸಿದ ಪಟ್ಟಿಯನ್ನು ಹೊಲದ ಯಜಮಾನರಿಗೆ ಕೊಡಿ. ಮುಂದಿನ ವರ್ಷ ಯಾವ ಬೀಜ ತರಬೇಕು, ಯಾವ ಬೆಳೆ ಬದಲಿಸಬೇಕು ಎಂದು ಅವರು ಕೃಷಿ ಅಧಿಕಾರಿಯನ್ನು ಕೇಳಲು ಹೋದಾಗ, ಆ ಪಟ್ಟಿ ಅವರ ಕೈಯಲ್ಲಿರಲಿ.